ನಿಂತಂತೆ ಕಂಡ ಗಾಳಿ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಮರಾಠಿ ನಾಡಿನ ಕೋಥರೂಡದ ನಮ್ಮ ಕಟ್ಟಡಕ್ಕೆ ನಾಲ್ಕು ಮಹಡಿ. ಅದರ ಮೇಲೆ ಇನ್ನೊಂದು ಸಾಲು ಮೆಟ್ಟಿಲು ಹತ್ತಿದರೆ ಗಚ್ಚಿ. ಟೆರೇಸಿಗೆ ನಮ್ಮ ಮನೆಯಲ್ಲಿ ಈಗಲೂ ಗಚ್ಚಿ ಎಂದೇ ಹೇಳುತ್ತೇವೆ. ಮೆಟ್ಟಿಲು ಮುಗಿಯುವಲ್ಲಿ ಕಬ್ಬಿಣದ ಸರಳಿನ ಬಾಗಿಲು ಇದೆ. ಆ ಬಾಗಿಲಿನ ಒಳಬದಿಗೆ, ಕೊನೆಯ ಮೆಟ್ಟಿಲಿನ ಮೇಲೆ, ಎಡಗೈಯಲ್ಲಿ ಸರಳು ಹಿಡಿದುಕೊಂಡು ನಿಂತಿದ್ದೆ. ಮೂರು ವರ್ಷದ ಹಿಂದಿನ ಮೇ ತಿಂಗಳು, ಶನಿವಾರ, ಮಧ್ಯಾಹ್ನ ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ನಾಲ್ಕಾಗಿರಲಿಲ್ಲ ಎಂದು ಹೇಗೆ ಗೊತ್ತೆಂದರೆ, ನಾಲ್ಕಕ್ಕೆ ಅವ್ವ ಚಹಾಕ್ಕೆ ಇಡುತ್ತಿದ್ದಳು. ಆಗ ಇನ್ನೂ ಇಟ್ಟಿರಲಿಲ್ಲ.

ಬಾಗಿಲು ಗಚ್ಚಿಯ ಕಡೆಗೆ ತೆರೆಯುವಂಥದ್ದು. ಅದಕ್ಕೆ ಎರಡು ಚಿಲಕ. ಒಂದು ಮೆಟ್ಟಿಲಿನ ಬದಿಗೆ, ಕಟ್ಟಡದ ಸೊಸೈಟಿಯವರು ಹಾಕಿಸಿದ್ದು. ಇನ್ನೊಂದು ಗಚ್ಚಿಯ ಬದಿಗೆ, ನೆಲಕ್ಕೆ ಹತ್ತಿರ, ಅವ್ವ ವೆಲ್ಡಿಂಗಿನವನನ್ನು ಕರೆಸಿ ಹಾಕಿಸಿದ್ದು. ಸರಳಿನ ಸಂದಿಯಲ್ಲಿ ಕೈ ತೂರಿಸಿ ಯಾರೂ ತೆಗೆಯಬಾರದೆಂದು ಅದರ ಮುಂದೆ ಒಂದು ತಗಡಿನ ಪಟ್ಟಿಯನ್ನೂ ಕೂಡಿಸಿದ್ದಳು.

ಕಾರಣ ಕುರಡಿಗೆ. ಗೋಧಿಯನ್ನು ನೀರು ಬದಲಿಸುತ್ತ ಬದಲಿಸುತ್ತ ನೆನೆಸಿ, ರುಬ್ಬಿ, ಹಾಲು ಹಿಂಡಿ, ಕುದಿಸಿ, ಚಕ್ಕುಲಿ ಒರಳಿನಲ್ಲಿ ಎಳೆ ಎಳೆಯಾಗಿ ಒತ್ತಿ ಬಿಸಿಲಿಗೆ ಹಾಕುವ ಸಂಡಿಗೆ ಅದು. ಹಬ್ಬದ ಎಲೆಗೆ, ದೇವರ ನೈವೇದ್ಯಕ್ಕೆ ಬರುವಂಥದ್ದು. ಆದ್ದರಿಂದ ಅವ್ವನ ಲೆಕ್ಕದಲ್ಲಿ ಅದನ್ನು ಮಡಿಯಲ್ಲೇ ಒತ್ತಬೇಕು, ಮಡಿಯಲ್ಲೇ ತಿರುವಿ ಹಾಕಬೇಕು. ಒಣಗಿ ಡಬ್ಬಿ ಸೇರುವ ತನಕ ಹೊರಗಿನ ಬಟ್ಟೆಯವರು ಮುಟ್ಟಬಾರದು. ಅದರ ಹಿಂದಿನ ವರ್ಷ ಕೆಳಗಿನ ಮಹಡಿಯ ಮಕ್ಕಳು ಚೆಂಡು ಹುಡುಕುತ್ತ ಬಂದು ಅದರ ಮೇಲೆಯೇ ಓಡಾಡಿದ್ದರು. ಮತ್ತೆ ಮೊದಲಿನಿಂದ ಗೋಧಿ ನೆನೆ ಹಾಕಬೇಕಾಯಿತು. ಆಮೇಲೆ ಬಂದದ್ದು ಈ ಚಿಲಕ. ಸೊಸೈಟಿಯ ಮೀಟಿಂಗಿನಲ್ಲಿ ಒಂದಿಬ್ಬರು ತಕರಾರು ತೆಗೆದರು, ಉಳಿದವರು ಅದಕ್ಕೆ ‘ಕಾನಡೀ ಕಡಿ’ ಎಂದು ಹೆಸರಿಟ್ಟು ನಕ್ಕರು. ಮರಾಠಿಯಲ್ಲಿ ಕಾನಡೀ ಎಂದರೆ ಕನ್ನಡದ, ಕಡಿ ಎಂದರೆ ಚಿಲಕ. ಅವ್ವನೂ ನಕ್ಕಳು. ಚಿಲಕ ಉಳಿಯಿತು.

ಆ ದಿನ ಆ ಚಿಲಕ ಹಾಕಿಕೊಂಡು ಗಚ್ಚಿಯ ಮೇಲೆ ಇದ್ದವರು ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಕೆಲಸದ ಮೇಲಿದ್ದ. ನಾನು ಮಾರ್ಕೆಟ್ ಯಾರ್ಡಿನ ಅಂಗಡಿಯಿಂದ ಅರ್ಧ ದಿನ ಮುಗಿಸಿ ಬಂದು ಉಂಡು ಕೂತಿದ್ದೆ. ಮನೆಯೊಳಗೆ ಇದ್ದಕ್ಕಿದ್ದಂತೆ ದೀಪ ಹಾಕುವಷ್ಟು ಕತ್ತಲಾಯಿತು. ಅವ್ವ ಹೇಳಿದಳು, “ಮೋಡ ಆಗೇದ ನೋಡು. ಅಕೀಗೆ ಹೇಳಿ ಬಾ, ಕುರಡಿಗಿ ತಗಡಿನ ಕೆಳಗ ಎಳಕೊಳ್ಳಲಿ.”

ತಗಡು ಎಂದರೆ ಗಚ್ಚಿಯ ಆಚೆಯ ಅರ್ಧಕ್ಕೆ ಹಾಕಿದ್ದ ಛಾವಣಿ. ಮಳೆಗಾಲದಲ್ಲಿ ಸೋರುತ್ತದೆಂದು ಸೊಸೈಟಿಯವರು ಪೈಪು ನಿಲ್ಲಿಸಿ, ಮೇಲೆ ತಗಡಿನ ಶೀಟು ಬಿಗಿಸಿದ್ದರು. ಬಾಗಿಲ ಹತ್ತಿರದ ಅರ್ಧ ಬಯಲು. ಅಲ್ಲಿ ಮೂರು ಹಳೆಯ ಸೀರೆ ಹಾಸಿ ಕುರಡಿಗೆ ಹಾಕಿದ್ದರು.

ನಾನು ಸರಳು ಹಿಡಿದು ಕೂಗಿದೆ. ವೈನಿ ತಲೆ ಎತ್ತಿ ನೋಡಿ, “ಅಲ್ಲೇ ನಿಂದರ್ರಿ, ಅಲ್ಲೇ! ಅಂಗಡಿ ಅರಿವಿಯೊಳಗ ಇದ್ದೀರಿ,” ಎಂದರು.

“ಒಳಗ ಬರಾಕ ನೀವು ದಾರಿ ಎಲ್ಲಿ ಇಟ್ಟೀರಿ? ಅವ್ವ ಹೇಳ್ಯಾಳ, ಮೋಡ ಆಗೇದಂತ, ತಗಡಿನ ಕೆಳಗ ಎಳಕೋಬೇಕಂತ.”

“ಮೋಡ ನನಗ ಕಾಣಸ್ತದ್ರಿ. ಕಣ್ಣಿಗೇನು ಮಡಿ ಇಲ್ಲಲ್ಲ.”

ಹೀಗೆ ನಗುತ್ತಲೇ ಮೊದಲನೆಯ ಸೀರೆಯ ಎರಡು ತುದಿ ಹಿಡಿದು ತಗಡಿನ ಕಡೆಗೆ ಎಳೆಯತೊಡಗಿದರು. ಅವರ ಬೆನ್ನ ಹಿಂದೆ, ಪೂರ್ವಕ್ಕೆ, ದೊಡ್ಡ ಮೈದಾನದ ಆಚೆ ಅದು ಆಗ ಇತ್ತು. ಯಾವಾಗ ಶುರುವಾಯಿತು ಎಂದು ನಾನು ಹೇಳಲಾರೆ. ನಾನು ನೋಡಿದಾಗ ಇತ್ತು. ಮೋಡದ ಹೊಟ್ಟೆಯಿಂದ ಬೂದು ಬಣ್ಣದ ಒಂದು ಬಾಲ ಇಳಿದಿತ್ತು. ಅದು ನೆಲಕ್ಕೆ ಮುಟ್ಟಿರಲಿಲ್ಲ. ಅದರ ನೇರ ಕೆಳಗೆ ಕೆಂಪು ಮಣ್ಣಿನ ಧೂಳು ಎದ್ದು ತಿರುಗುತ್ತಿತ್ತು. ನಡುವೆ ಏನೂ ಕಾಣುತ್ತಿರಲಿಲ್ಲ, ಆದರೆ ಮೇಲಿನದೂ ಕೆಳಗಿನದೂ ಒಂದೇ ಎಂದು ಯಾರೂ ಹೇಳದೆ ತಿಳಿಯುತ್ತಿತ್ತು.

ಪಕ್ಕದ ಕಟ್ಟಡದ ಗಚ್ಚಿಯ ಮೇಲೆ ಒಬ್ಬ ಮುದುಕರು ದಿನಾ ಆ ಹೊತ್ತಿಗೆ ಬಂದು ಕುಂಡಗಳಿಗೆ ನೀರು ಹಾಕುತ್ತಾರೆ. ಮರಾಠಿಯವರು, ನಾವು ಕಾಕಾ ಎನ್ನುತ್ತೇವೆ. ಎರಡು ಕಟ್ಟಡಗಳ ನಡುವೆ ಸ್ಕೂಟರು ನಿಲ್ಲಿಸುವಷ್ಟು ಓಣಿ. ಅವರು ಪೈಪು ಕೈಯಲ್ಲಿ ಹಿಡಿದೇ ಕೂಗಿದರು. “ವಹಿನೀ, ವಾವಟಳ ಆಹೆ! ಖಾಲೀ ಜಾ!” ಸುಂಟರಗಾಳಿ, ಕೆಳಗೆ ಹೋಗು ಎಂದು.

ವೈನಿ ಒಮ್ಮೆ ತಿರುಗಿ ನೋಡಿದರು. “ತೀ ತಿಥೇಚ ಉಭೀ ಆಹೆ, ಕಾಕಾ,” ಎಂದರು. ಅಲ್ಲೇ ನಿಂತಿದೆಯಲ್ಲ, ಎಂದು. ಎರಡನೆಯ ಸೀರೆಗೆ ಬಾಗಿದರು.

ಅದು ನಿಂತಿತ್ತು, ನಿಜ. ನಾನೂ ಹಾಗೇ ಕಂಡೆ. ಮೈದಾನದ ಅಂಚಿನಲ್ಲಿ ಮೊಬೈಲಿನ ಒಂದು ಟವರು ಇದೆ. ಬಾಲ ಆ ಟವರಿನ ಬಲಕ್ಕೆ, ಸ್ವಲ್ಪ ಅಂತರದಲ್ಲಿ ಇತ್ತು. ಎಷ್ಟು ಹೊತ್ತು ನೋಡಿದರೂ ಅಷ್ಟೇ ಅಂತರದಲ್ಲಿ ಇತ್ತು. ಎಡಕ್ಕೂ ಸರಿಯಲಿಲ್ಲ, ಬಲಕ್ಕೂ ಸರಿಯಲಿಲ್ಲ. ಸ್ವಲ್ಪ ದಪ್ಪಗಾಗುತ್ತಿತ್ತು, ಅಷ್ಟೇ.

ಅಷ್ಟರಲ್ಲಿ ಅವ್ವ ಮೆಟ್ಟಿಲು ಹತ್ತಿ ಬಂದಳು. ಹೇಳಿ ಕಳಿಸಿದ ಮಾತು ಮುಟ್ಟಿತೋ ಇಲ್ಲವೋ ಎಂದು ನೋಡದೆ ಅವಳಿಗೆ ಸಮಾಧಾನವಿಲ್ಲ. ಅವಳೂ ಮಡಿಯಲ್ಲಿದ್ದಳು, ಅಪ್ಪ ಹೋದ ಮೇಲೆ ಸಂಜೆಯ ತನಕ ಮಡಿಯಲ್ಲೇ ಇರುತ್ತಿದ್ದಳು. ನನಗೆ ತಾಗದ ಹಾಗೆ ಎರಡು ಮೆಟ್ಟಿಲು ಕೆಳಗೆ ನಿಂತು ಕತ್ತು ಚಾಚಿದಳು.

“ಅವ್ವ, ಅಲ್ಲಿ ನೋಡು.”

“ನೋಡೇನಿ ಬಿಡು. ನಮ್ಮೂರಾಗ ಬ್ಯಾಸಗಿಯೊಳಗ ಇಂಥಾವು ದಿನಾ ಏಳ್ತಾವ. ತಿಪ್ಪಿ ಮ್ಯಾಲಿನ ಕಸಾ ಹಾರಿಸಿ ಅಲ್ಲೇ ಬೀಳ್ತಾವ. ನಾವು ಸಣ್ಣವರಿದ್ದಾಗ ಅದರೊಳಗ ಹೊಕ್ಕು ನಿಂದರತಿದ್ದಿವಿ.”

“ಇದು ಮೋಡದಿಂದ ಇಳದದ ಅವ್ವ.”

“ಮೋಡದಿಂದ ಮಳಿ ಇಳೀತದ. ಗಾಳಿ ಹ್ಯಾಂಗ ಇಳೀತದ?” ಎಂದು, ಸೊಸೆಯ ಕಡೆ ಮುಖ ಮಾಡಿ, “ಲಗೂ ಲಗೂ, ಹನಿ ಬೀಳೂದರೊಳಗ ಎಳಕೋ,” ಎಂದಳು.

ಅವ್ವನ ಊರು ವಿಜಯಪುರದ ಕಡೆಯ ಬಯಲು. ಅಲ್ಲಿ ಚೈತ್ರ ವೈಶಾಖದಲ್ಲಿ ಧೂಳಿನ ಸುಳಿ ಏಳುವುದು ದಿನದ ನೋಟ. ನಾನೂ ಚಿಕ್ಕವನಿದ್ದಾಗ ಅದರ ಹಿಂದೆ ಓಡಿದ್ದೇನೆ. ಬಿಸಿಲಿಗೆ ಕಾದ ನೆಲದಿಂದ ಅದು ಏಳುತ್ತದೆ, ಮೇಲೆ ಆಕಾಶ ಬಿಚ್ಚಿಕೊಂಡಿರುತ್ತದೆ. ಅವ್ವ ಹೇಳಿದ್ದು ಆ ಗಾಳಿಯ ಮಟ್ಟಿಗೆ ಸುಳ್ಳಲ್ಲ. ಅವಳಿಗೆ ಗೊತ್ತಿದ್ದ ಸುಂಟರಗಾಳಿ ಅದೊಂದೇ.

ಎರಡನೆಯ ಸೀರೆ ತಗಡಿನ ಕೆಳಗೆ ಹೋಯಿತು. ವೈನಿ ಮೂರನೆಯದಕ್ಕೆ ಮರಳಿ ಬಂದರು. ಆಗ ಮೂರು ಸಂಗತಿ ನಡೆದವು. ಯಾವುದು ಮೊದಲು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ, ಖಚಿತವಾಗಿಲ್ಲ. ತಗಡಿನ ಮೇಲೆ ಯಾವಾಗಲೂ ಕೂತಿರುವ ಪಾರಿವಾಳಗಳು ಒಂದೂ ಇರಲಿಲ್ಲ. ಮೊಬೈಲಿನ ಟವರು ಕಾಣುತ್ತಿರಲಿಲ್ಲ. ಮತ್ತು ಸದ್ದು. ಹಿಟ್ಟಿನ ಗಿರಣಿಯಲ್ಲಿ ಕಾಳು ಮುಗಿದು ಕಲ್ಲು ಬರಿದೇ ತಿರುಗುವಾಗ ಒಂದು ಸದ್ದು ಬರುತ್ತದೆಯಲ್ಲ, ಅದು. ಅದು ಒಂದು ದಿಕ್ಕಿನಿಂದ ಬರುತ್ತಿರಲಿಲ್ಲ. ನಾನು ಹಿಡಿದಿದ್ದ ಸರಳಿನೊಳಗೂ ಇತ್ತು.

ವೈನಿ ಮೂರನೆಯ ಸೀರೆಯ ನಾಲ್ಕೂ ತುದಿ ಕೂಡಿಸಿ ಗಂಟು ಹಾಕಿ ತಗಡಿನ ಕಡೆಗೆ ನಾಲ್ಕು ಹೆಜ್ಜೆ ಓಡಿದ್ದರು. ಅವರ ಎದುರಿಗೇ ಛಾವಣಿಯ ಮೂಲೆಯ ಶೀಟು ಎದ್ದಿತು. ಹಾರಲಿಲ್ಲ. ಅನ್ನ ಆಯಿತೇ ಎಂದು ಮುಚ್ಚಳ ಎತ್ತಿ ನೋಡುತ್ತಾರಲ್ಲ, ಹಾಗೆ ಎದ್ದು, ಮತ್ತೆ ಕೂತಿತು.

“ಬಿಡು ಅದನ್ನ!” ಅವ್ವ ಒದರಿದಳು. ಅವಳ ಗಂಟಲಿನಿಂದ ಅಂಥ ದನಿ ನಾನು ಮೊದಲು ಕೇಳಿರಲಿಲ್ಲ. “ಕುರಡಿಗಿ ಸುಡ್ಲಿ! ಈ ಕಡೆ ಬಾ!”

ವೈನಿ ಗಂಟು ಬಿಟ್ಟರು. ಬಾಗಿಲಿಗೆ ಓಡಿ ಬಂದು, ಚಿಲಕ ನೆಲದ ಹತ್ತಿರ ಇದ್ದುದರಿಂದ ಕುಕ್ಕರಗಾಲಲ್ಲಿ ಕೂತು ಎಳೆದರು. ಬರಲಿಲ್ಲ. ಬಾಗಿಲನ್ನು ಗಾಳಿ ಆಗಲೇ ತನ್ನ ಕಡೆಗೆ ಜಗ್ಗುತ್ತಿತ್ತು. ಚಿಲಕದ ಸಲಾಕೆ ಅದರ ಕೊಂಡಿಯಲ್ಲಿ ಬಿಗಿದು ಸಿಕ್ಕಿಕೊಂಡಿತ್ತು. ನಾನು ಬಾಗಿಲನ್ನು ಒಳಕ್ಕೆ ಎಳೆದುಕೊಂಡರೆ ಸಡಿಲವಾದೀತೆಂದು ಎಳೆದೆ. ಆಗಲಿಲ್ಲ. ಕೈ ತೂರಿಸಿದೆ. ಅವ್ವ ಹಾಕಿಸಿದ ತಗಡಿನ ಪಟ್ಟಿ ಅಡ್ಡ ಬಂತು.

“ಬರವಲ್ದು,” ಎಂದರು ವೈನಿ. ದನಿ ಎತ್ತರಿಸಲಿಲ್ಲ. “ಅತ್ತೀ, ಬರವಲ್ದು.”

ಮೈದುನ ವೈನಿಯ ಕೈ ಹಿಡಿಯುವ ರೂಢಿ ನಮ್ಮಲ್ಲಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವರು ನನಗೆ ತಾಟು ಕೊಡುವಾಗ ನೆಲಕ್ಕಿಟ್ಟು ಸರಿಸುತ್ತಿದ್ದರು. ನಾನು ಎರಡೂ ಕೈ ಸರಳಿನ ಸಂದಿಯಿಂದ ಆಚೆ ಹಾಕಿ ಅವರ ಎರಡೂ ಮಣಿಕಟ್ಟು ಹಿಡಿದೆ. ಬಳೆ ಒಡೆದವು. ಅವರೂ ನನ್ನ ಮಣಿಕಟ್ಟು ಹಿಡಿದುಕೊಂಡರು. ಅದೇ ಗಳಿಗೆಗೆ ಹಿಂದಿನಿಂದ ನನ್ನ ಸೊಂಟಕ್ಕೆ ಎರಡು ಕೈ ಸುತ್ತಿಕೊಂಡವು. ಅವ್ವ ತನ್ನ ಮಡಿ ಸೀರೆಯಲ್ಲೇ ನನ್ನ ಬೆನ್ನಿಗೆ ಮುಖ ಒತ್ತಿ, ಮೆಟ್ಟಿಲಿನ ಅಂಚಿಗೆ ಕಾಲು ಕೊಟ್ಟು ನನ್ನನ್ನು ಹಿಡಿದಿದ್ದಳು.

ಆಮೇಲಿನದರಲ್ಲಿ ನಾನು ಕಂಡದ್ದು ಸ್ವಲ್ಪವೇ. ಧೂಳಿನಿಂದ ಕಣ್ಣು ತೆರೆಯಲಾಗುತ್ತಿರಲಿಲ್ಲ. ಛಾವಣಿ ಹೋದದ್ದನ್ನು ನೋಡಲಿಲ್ಲ, ಕೇಳಿದೆ. ಮೊಳೆ ಕೀಳುವ ಸದ್ದು ಸಾಲಾಗಿ ಬಂತು. ವೈನಿಯ ಕಾಲು ನೆಲ ಬಿಟ್ಟಿತ್ತೇ ಎಂದು ಎಲ್ಲರೂ ಕೇಳುತ್ತಾರೆ. ಬಿಟ್ಟಿತ್ತು ಎಂದು ನಾನು ಹೇಳುವುದಿಲ್ಲ. ಕುಕ್ಕರಗಾಲಲ್ಲಿ ಕೂತಿದ್ದವರು ಮುಂದಿನ ಸಲ ಕಣ್ಣು ತೆರೆದಾಗ ಗಚ್ಚಿಯ ಮೇಲೆ ಉದ್ದಕ್ಕೆ ಮಲಗಿದ್ದರು, ಕಾಲು ಆಚೆ, ತಲೆ ಬಾಗಿಲಿಗೆ. ಎಡಗೈ ಮಾತ್ರ ನನ್ನ ಬಲಗೈಯಲ್ಲಿ ಉಳಿದಿತ್ತು. ಅದು ಇದ್ದದ್ದಕ್ಕಿಂತ ಉದ್ದವಾಗಿ ಕಂಡಿತು. ನಾನು ಬಿಡಲಿಲ್ಲ. ಭುಜದ ಗಂಟು ಕಳಚಿದ್ದು ನನಗೆ ನನ್ನ ಅಂಗೈಯಲ್ಲೇ ತಿಳಿದಿತ್ತು, ಅವರು ಕೂಗುವ ಮೊದಲೇ.

ನಂತರ ಸದ್ದು ಕಟ್ಟಡದ ಹಿಂದಕ್ಕೆ ಹೋಯಿತು. ಆಲಿಕಲ್ಲು ಬಿದ್ದವು. ಬಾಗಿಲು ಸಡಿಲವಾಯಿತು. ವೈನಿ ಬಲಗೈಯಿಂದ ಚಿಲಕ ಎಳೆದರು. ಅದು ಸಲೀಸಾಗಿ ಬಂತು.

ಎಷ್ಟು ದೊಡ್ಡದಿತ್ತು, ಎಷ್ಟು ವೇಗದಲ್ಲಿತ್ತು, ಎಷ್ಟು ಶಕ್ತಿಯಿತ್ತು. ಅಂದಿನಿಂದ ಈ ಮೂರು ಪ್ರಶ್ನೆ ಕೇಳದವರಿಲ್ಲ. ಅಂಗಡಿಯಲ್ಲಿ ಕೇಳಿದರು, ಆಸ್ಪತ್ರೆಯಲ್ಲಿ ಕೇಳಿದರು. ಮೊದಮೊದಲು ಕೈ ಅಗಲಿಸಿ ತೋರಿಸಲು ಹೋಗಿ ನಿಲ್ಲಿಸುತ್ತಿದ್ದೆ. ಗೊತ್ತಿಲ್ಲದ್ದನ್ನು ಹೇಳಲು ಹೆದರಿಕೆಯಾಗುತ್ತಿತ್ತು. ಗೊತ್ತಿದ್ದದ್ದನ್ನು ಹೇಳಲು ಇನ್ನೂ ಹೆಚ್ಚು.

ನಾಲ್ಕಾರು ದಿನವಾದ ಮೇಲೆ ಹಾನಿ ನೋಡಲು ಇಬ್ಬರು ಬಂದರು. ಹವಾಮಾನದ ಕಚೇರಿಯವರೋ ಕಾಲೇಜಿನವರೋ, ನಾನು ಸರಿಯಾಗಿ ಕೇಳಿಕೊಳ್ಳಲಿಲ್ಲ. ಅವರಲ್ಲಿ ಒಬ್ಬಳು ಬೆಂಗಳೂರಿನ ಕಡೆಯ ಹುಡುಗಿ. ನಮ್ಮ ಮಾತು ಕೇಳಿ, “ಅಯ್ಯೋ, ನೀವು ಕನ್ನಡದವರಾ!” ಎಂದು ಕೂತಳು. ಗಚ್ಚಿಯ ಮೇಲೆ ಟೇಪು ಹಿಡಿದು ಅಳೆದರು, ಫೋಟೋ ತೆಗೆದರು, ಯಾವ ಶೀಟು ಯಾವ ದಿಕ್ಕಿಗೆ ಬಿದ್ದಿದೆ ಎಂದು ಓಣಿ ಓಣಿ ಸುತ್ತಿದರು.

ಅಗಲದ ಮಾತನ್ನು ಗೋಡೆಗಳೇ ಹೇಳಿದವು. ನಮ್ಮ ಕಟ್ಟಡ ಮತ್ತು ಅದರ ದಕ್ಷಿಣದ ಒಂದು ಓಣಿ, ಅಷ್ಟೇ ಅದರ ದಾರಿ. ಉತ್ತರಕ್ಕೆ ಕಾಕಾನ ಗಚ್ಚಿಯ ಮೇಲೆ ಅರ್ಧ ಕುಂಡಗಳು ಪುಡಿಯಾಗಿದ್ದವು, ಉಳಿದ ಅರ್ಧದಲ್ಲಿ ತುಳಸಿಯ ಒಣ ಎಲೆಯೂ ಉದುರಿರಲಿಲ್ಲ. ಕಾಕಾ ಆ ಅರ್ಧದ ಕಡೆಗೆ, ನೀರಿನ ಟಾಕಿಯ ಹಿಂದೆ ಬೋರಲು ಮಲಗಿದ್ದರು. ನಮ್ಮ ಗಚ್ಚಿಯ ಎರಡು ಟಾಕಿಗಳಲ್ಲಿ ತುಂಬಿದ್ದದ್ದು ಅಲ್ಲೇ ಇತ್ತು. ಖಾಲಿಯಿದ್ದದ್ದು ಹಿಂದಿನ ರಸ್ತೆಯಲ್ಲಿ ಸಿಕ್ಕಿತು.

“ಇಷ್ಟು ಸಣ್ಣದಕ್ಕೆ ಇಷ್ಟು ಜೋರು ಹ್ಯಾಂಗ ಬಂತ್ರೀ?” ನಾನು ಕೇಳಿದೆ.

“ಅಗಲಕ್ಕೂ ಜೋರಿಗೂ ಸಂಬಂಧ ಇರಲೇಬೇಕು ಅಂತಿಲ್ಲ ಸರ್. ಹಗ್ಗದ ಥರ ಕಾಣೋದೂ ಮನೆ ಕೀಳತ್ತೆ. ಅಗಲವಾಗಿರೋದು ಕೆಲವು ಸಲ ಬರೀ ಹೆಂಚು ಹಾರಿಸಿ ಹೋಗತ್ತೆ.”

“ಗಾಳಿ ಎಷ್ಟು ವೇಗ ಇತ್ತು?”

“ಎರಡು ವೇಗ ಇರತ್ತೆ. ಅದು ತಿರುಗೋದು ಒಂದು, ನಡೆಯೋದು ಒಂದು. ನಡಿಗೆ ನಿಮ್ಮ ಸಿಟಿ ಬಸ್ಸಿನಷ್ಟೇ ಇದ್ದಿರಬಹುದು. ತಿರುಗೋದನ್ನ ಅಳೆಯೋಕೆ ಅಲ್ಲಿ ಯಂತ್ರ ಇರಲ್ಲ, ಇದ್ದರೂ ಸಾಮಾನ್ಯವಾಗಿ ಉಳಿಯಲ್ಲ. ಮುರಿದಿರೋದನ್ನ ನೋಡ್ಕೊಂಡು ಹಿಂದಿನಿಂದ ಅಂದಾಜು ಮಾಡ್ತೀವಿ. ಅದಕ್ಕೇ ಇಷ್ಟೊಂದು ಕೇಳ್ತಿರೋದು.”

ಆಮೇಲೆ ಅವಳು ಕೇಳಿದಳು, ಮೊದಲು ಕಂಡಾಗ ಅದು ಯಾವ ಕಡೆಗೆ ಹೋಗುತ್ತಿತ್ತು ಎಂದು. ನಾನು ಹೇಳಿದೆ, ಯಾವ ಕಡೆಗೂ ಹೋಗುತ್ತಿರಲಿಲ್ಲ, ನಿಂತಿತ್ತು. ಟವರಿನ ಬಲಕ್ಕೆ, ಅಷ್ಟೇ ಅಂತರದಲ್ಲಿ.

“ದೊಡ್ಡದಾಗ್ತಿತ್ತಾ?”

“ಹೌದ್ರಿ. ಸ್ವಲ್ಪ ಸ್ವಲ್ಪ.”

“ಹಾಗೆ ಕಂಡರೆ ಅದು ನಿಂತಿಲ್ಲ ಸರ್. ಪಕ್ಕಕ್ಕೆ ಸರಿಯದೆ ದೊಡ್ಡದಾಗ್ತಾ ಇದ್ರೆ, ನೇರವಾಗಿ ನೋಡ್ತಿರೋರ ಕಡೆಗೇ ಬರ್ತಿದೆ ಅಂತ.”

ಅವ್ವ ಒಳಗಿನ ಬಾಗಿಲಲ್ಲಿ ನಿಂತು ಇದನ್ನು ಕೇಳಿದಳು. ಚಹಾ ತಂದು ಕೊಟ್ಟಳು, ಹುಡುಗಿಯ ಕೈಗೇ ಕೊಟ್ಟಳು.

ಚಿಲಕ ಆಗಲೇ ಇರಲಿಲ್ಲ. ವೈನಿಯನ್ನು ಆಸ್ಪತ್ರೆಯಿಂದ ಕರೆತರುವ ಮೊದಲೇ ಅವ್ವ ಅದೇ ವೆಲ್ಡಿಂಗಿನವನನ್ನು ಕರೆಸಿ, ಕತ್ತರಿಸಿ ಮುಗಿಯುವ ತನಕ ಎದುರಿಗೆ ನಿಂತಿದ್ದಳಂತೆ. ಕಾನಡೀ ಕಡಿ ಎಂದು ಆಮೇಲೆ ಯಾರೂ ನಗಲಿಲ್ಲ. ವೈನಿಯ ಭುಜವನ್ನು ಡಾಕ್ಟರು ಕೂಡಿಸಿದರು. ಒಳಗೆ ಹರಿದದ್ದು ಪೂರ್ತಿ ಕೂಡಲಿಲ್ಲ. ಎಡಗೈ ಭುಜದಿಂದ ಮೇಲೆ ಏಳುವುದಿಲ್ಲ. ಹೆರಳನ್ನು ಅಣ್ಣ ಹಾಕಿಕೊಡುತ್ತಾನೆ. “ಮಿಲ್ಟ್ರಿ ಮಂದಿ ನಡುವ ಇದ್ದು ಇದೊಂದು ಕಲತೀರಿ ನೋಡ್ರಿ,” ಎಂದು ವೈನಿ ಅವನನ್ನು ಹಂಗಿಸುತ್ತಾರೆ. ನನ್ನನ್ನು ಒಂದು ಮಾತೂ ಅಂದಿಲ್ಲ. ಶಕ್ತಿ ಎಷ್ಟಿತ್ತು ಎಂದು ಕೇಳಿದವರಿಗೆ ನಾನು ಕೊಡಬಹುದಾದ ಉತ್ತರ ಆ ಭುಜ. ಅದನ್ನು ಎಳೆದದ್ದು ಆಚೆಯಿಂದ ಗಾಳಿ, ಈಚೆಯಿಂದ ನಾನು. ಇದರಲ್ಲಿ ನನ್ನ ಪಾಲೆಷ್ಟು, ಗಾಳಿಯದೆಷ್ಟು ಎಂದು ಆ ಹುಡುಗಿಯೂ ಅಳೆಯಲಾರಳು.

ಮರುವರ್ಷ ಮೇ ತಿಂಗಳಲ್ಲಿ ಅವ್ವ ಗೋಧಿ ನೆನೆ ಹಾಕಲಿಲ್ಲ. ಒಂದು ಮಧ್ಯಾಹ್ನ ಕಿಟಕಿಯಲ್ಲಿ ಕತ್ತಲಾದಾಗ ತಾನಾಗಿಯೇ ಹೇಳಿದಳು, “ಆ ಗಾಳಿ ನಮ್ಮೂರಿಂದಲ್ಲ. ನಾನು ನಮ್ಮೂರಿಂದು ಅಂದಕೊಂಡಿದ್ದೆ.” ಅದರ ಬಗ್ಗೆ ಅವಳು ಆಡಿದ ಮಾತು ಅದೊಂದೇ.

ನನಗೆ ಈಗ ಒಂದು ಚಟ ಹತ್ತಿದೆ. ಮಳೆಗಾಲದ ಮುಂಚಿನ ಯಾವ ಕಪ್ಪು ಮೋಡ ಕಂಡರೂ, ಎಲ್ಲಿದ್ದರೂ, ಒಂದು ಕಂಬವನ್ನೋ ಕಟ್ಟಡದ ಮೂಲೆಯನ್ನೋ ಗುರುತಿಗೆ ಹಿಡಿದು ನಿಲ್ಲುತ್ತೇನೆ. ಮೋಡ ಅದರಿಂದ ಎಡಕ್ಕೋ ಬಲಕ್ಕೋ ಜಾರುವ ತನಕ ಹೆಜ್ಜೆ ಎತ್ತಲಾಗುವುದಿಲ್ಲ. ಜಾರುತ್ತದೆ. ಇಲ್ಲಿಯ ತನಕ ಪ್ರತಿ ಸಲವೂ ಜಾರಿದೆ. ಹಿಂದಿನ ಬೈಕಿನವರು ಹಾರ್ನ್ ಹೊಡೆಯುತ್ತಾರೆ, ಮರಾಠಿಯಲ್ಲಿ ಬೈಯುತ್ತಾರೆ. ಕೆಲವು ಮೋಡ ಜಾರಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ.

ಇಷ್ಟು ನಾನು ನೋಡಿದ್ದು. ನೋಡದ್ದನ್ನು ಸೇರಿಸಿಲ್ಲ. ಆ ದಿನ ಅದನ್ನು ಅಷ್ಟು ಹತ್ತಿರದಿಂದ ನೋಡಿದವರು ನನ್ನ ಹೊರತು ಮೂವರು. ಅವ್ವ ಹೋದ ಚಳಿಗಾಲದಲ್ಲಿ ತೀರಿಕೊಂಡಳು, ಹಾಸಿಗೆಯಲ್ಲಿ, ಅಣ್ಣ, ವೈನಿ, ನಾನು ಹತ್ತಿರ ಇದ್ದಾಗ. ಪಕ್ಕದ ಕಟ್ಟಡದ ಕಾಕಾ ಇದ್ದಾರೆ. ಕಿವಿ ಮಂದವಾಗಿದೆ, ಜೋರಾಗಿ ಕೇಳಿದರೆ ಟಾಕಿಯ ಹಿಂದಿನಿಂದ ಕಂಡಷ್ಟನ್ನು ಹೇಳುತ್ತಾರೆ. ಮತ್ತು ವೈನಿ ಇದ್ದಾರೆ, ಈಗ ಅಣ್ಣನ ಜೊತೆ ದೇಹೂ ರೋಡಿನಲ್ಲಿ, ಮೇಲೆ ಯಾವ ಮಹಡಿಯೂ ಇಲ್ಲದ ಒಂದು ಮನೆಯಲ್ಲಿ.